ಬಿಸಿನೀರಿಗೆ ಹೋದ ಎಂಟು ಮಂದಿ

ಮೇ ತಿಂಗಳಲ್ಲಿ ದಾವಣಗೆರೆಯ ನಿಟ್ಟುವಳ್ಳಿಯ ನಮ್ಮ ಮನೆಯ ನಲ್ಲಿ ತಿರುಗಿಸಿದರೆ ಬರುವುದೇ ಬಿಸಿನೀರು. ಮಾಳಿಗೆಯ ಮೇಲಿನ ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನದ ಹೊತ್ತಿಗೆ ಕುದಿಯುವುದೊಂದು ಬಾಕಿ. ಇಂಥ ಊರಿನ ಎಂಟು ಮಂದಿ ಮೂರು ದಿನ ರೈಲು, ಬಸ್ಸು ಅಂತ ಮೈ ನುಗ್ಗು ಮಾಡಿಕೊಂಡು, ಆಮೇಲೆ ಎರಡು ದಿನ ಬೆಟ್ಟ ಹತ್ತಿ, ಬಿಸಿನೀರಿನಲ್ಲಿ ಕೂತು ಬರಲು ಹೋದೆವು. ಕೇಳಿದವರು ನಕ್ಕರೆ ನನಗೇನೂ ಬೇಸರವಿಲ್ಲ. ಹೊರಡುವಾಗ ನಾನೂ ನಕ್ಕಿದ್ದೆ, ಹತ್ತುವಾಗಲೂ ನಕ್ಕಿದ್ದೆ. ಉಸಿರು ಸಾಲದೆ ನಿಂತಾಗ ಮಾತ್ರ ನಗಲು ಆಗಲಿಲ್ಲ.

ಹಿಮಾಚಲದ ಆ ಜಾಗದ ಹೆಸರು ಹೇಳುವುದಿಲ್ಲ. ಹೇಳಿದರೆ ನಮ್ಮೂರಿನ ಇನ್ನೆರಡು ವಾಕಿಂಗ್ ಗುಂಪುಗಳು ನಾಳೆಯೇ ಟಿಕೆಟ್ಟು ಮಾಡಿಸುತ್ತವೆ. ಇಂಥ ಪಾಪದಲ್ಲಿ ನನಗೆ ಪಾಲು ಬೇಡ.

ಈ ಹುಚ್ಚು ಹುಟ್ಟಿದ್ದು ಕುಂದವಾಡ ಕೆರೆ ಏರಿಯ ಮೇಲೆ. ದಿನಾ ಬೆಳಿಗ್ಗೆ ಅಲ್ಲಿ ಸುತ್ತು ಹಾಕುವ ನಮ್ಮ ಗುಂಪಿಗೆ ಒಬ್ಬರು ಯಜಮಾನರಿದ್ದಾರೆ, ಬ್ಯಾಂಕಿನಿಂದ ನಿವೃತ್ತರಾದ ಮ್ಯಾನೇಜರು. ಕುರ್ಚಿ ಬಿಟ್ಟು ಆರು ವರ್ಷವಾದರೂ ಮ್ಯಾನೇಜರಿಕೆ ಬಿಟ್ಟಿಲ್ಲ. ಅವರ ಕೈಗೆ ಹೆಜ್ಜೆ ಎಣಿಸುವ ಗಡಿಯಾರವೊಂದಿದೆ. ಚಾ ಕುಡಿಯುತ್ತ ಕೈ ಆಡಿಸಿದ್ದನ್ನೂ ಅದು ಹೆಜ್ಜೆ ಅಂತಲೇ ಬರೆದುಕೊಳ್ಳುತ್ತದೆ, ಅದನ್ನು ಅವರು ನಮಗೆಲ್ಲ ಓದಿ ಹೇಳುತ್ತಾರೆ. ಒಂದು ದಿನ ಫೋನು ತೆಗೆದು ಹಿಮಾಲಯದ ಬಿಸಿನೀರಿನ ಕುಂಡದ ಬಗ್ಗೆ ಓದಿದರು. ಗಂಧಕದ ನೀರಂತೆ. ಮಂಡಿನೋವು, ಗ್ಯಾಸು, ನಿದ್ದೆ ಬಾರದಿರುವುದು, ಚರ್ಮದ ಕಾಯಿಲೆ, ಎಲ್ಲಕ್ಕೂ ಅದೇ ಮದ್ದಂತೆ. ಗಂಧಕವನ್ನು ನಮ್ಮೂರಲ್ಲಿ ಪಟಾಕಿಗೆ ಹಾಕುತ್ತಾರೆ ಎಂದು ನಾನು ನೆನಪಿಸಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮ್ಯಾನೇಜರು ಹೂಂ ಅಂದದ್ದಕ್ಕೆ ಹೂಂ ಅನ್ನುವ ಮೂವರು ನಮ್ಮ ಗುಂಪಿನಲ್ಲಿದ್ದಾರೆ. ಅವರನ್ನು ಒಬ್ಬೊಬ್ಬರಾಗಿ ಪರಿಚಯಿಸುವ ಅಗತ್ಯವಿಲ್ಲ, ಎಲ್ಲಿ ಹೋದರೂ ಮೂವರೂ ಒಟ್ಟಿಗೇ ಇರುತ್ತಾರೆ. ಅವರು ಹೂಂ ಅಂದರು, ಅಲ್ಲಿಗೆ ನಿರ್ಧಾರವಾಯಿತು.

ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಹೆಂಡತಿಗೆ ತಮಾಷೆಯಾಗಿ ಹೇಳಿದೆ. ಮ್ಯಾನೇಜರ ದನಿಯನ್ನೂ ಅಣಕಿಸಿ ತೋರಿಸಿದೆ. ಅವಳು ನಗಲಿಲ್ಲ. ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿ, ಹೆಂಗಸರೂ ಬರಬಹುದೇ ಎಂದು ಕೇಳಿದಳು. ಮ್ಯಾನೇಜರ ಮನೆಯವರು ಬರುತ್ತಾರಂತೆ ಎಂದೆ.

"ನಾನು ಬರ್ತೀನಿ," ಎಂದಳು. "ಆ ನೀರಿಗೆ ನಾನು ಇಳೀಬೇಕು."

ಅವಳು ಹಾಗೆ ಏನನ್ನೂ ಕೇಳುವವಳಲ್ಲ. ಕಾರಣ ನನಗೆ ತಕ್ಷಣ ಹೊಳೆಯಿತು. ಅವಳಿಗೆ ಸೋರಿಯಾಸಿಸ್. ಎರಡೂ ಮೊಣಕೈಯಿಂದ ಮುಂಗೈವರೆಗೆ ಕೆಂಪು ಪಟ್ಟೆಗಳು, ಅದರ ಮೇಲೆ ಹೊಟ್ಟಿನ ಹಾಗೆ ಬಿಳಿ ಪದರ. ಶುರುವಾಗಿ ಹನ್ನೊಂದು ವರ್ಷ. ಡಾಕ್ಟರ ಹತ್ತಿರ ಹೋಗಿದ್ದೆವು, ಮುಲಾಮು ಕೊಟ್ಟಿದ್ದರು, ಅದು ಒಮ್ಮೆ ಇಳಿಯುತ್ತದೆ, ಒಮ್ಮೆ ಏರುತ್ತದೆ. ಮೊದಲ ವರ್ಷವೇ ನೆಂಟರೊಬ್ಬರ ಗೃಹಪ್ರವೇಶದಲ್ಲಿ ಅವಳು ಪಾಯಸ ಬಡಿಸುತ್ತಿದ್ದಾಗ ಒಬ್ಬಾಕೆ ಎಲೆಯ ಮೇಲೆ ಕೈ ಅಡ್ಡ ಇಟ್ಟು, ಬೇರೆಯವರು ಬಡಿಸಲಿ ಅಂದಿದ್ದಳು. ಮಾರನೆಯ ದಿನವೇ ನಾನು ಮಂಡಿಪೇಟೆಯಲ್ಲಿ ಮೆತ್ತನೆಯ ಹತ್ತಿಬಟ್ಟೆ ತೆಗೆದು, ಮಣಿಕಟ್ಟಿನವರೆಗೆ ತೋಳು ಬರುವ ಆರು ರವಿಕೆ ಹೊಲಿಸಿಕೊಟ್ಟೆ. ಅವಳು ಯಾರ ಬಾಯಿಗೂ ಬೀಳುವುದು ಬೇಡವೆಂದು. ಹೆಂಡತಿಗಾಗಿ ಇಷ್ಟು ಯೋಚನೆ ಮಾಡುವ ಗಂಡಂದಿರು ಎಷ್ಟು ಜನರಿದ್ದಾರೆ ಎಂದು ಆಗ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಅಂದಿನಿಂದ ಅವಳು ಅಂಥವನ್ನೇ ತೊಡುತ್ತಾಳೆ, ನಮ್ಮೂರಿನ ಬೇಸಿಗೆಯಲ್ಲೂ.

ಪಾಪ, ಮ್ಯಾನೇಜರ ಫೋನನ್ನು ಇವಳೂ ನಂಬಿದಳಲ್ಲ ಎಂದುಕೊಂಡೆ. ಗಂಧಕದ ನೀರಿನಿಂದ ಏನೂ ಆಗುವುದಿಲ್ಲ ಎಂಬ ಮಾತು ಬಾಯಿಗೆ ಬಂದಿತ್ತು, ಹೇಳಲಿಲ್ಲ. ಅದರ ಬದಲು ಒಂದು ಉಪಾಯ ಹೇಳಿದೆ. ಅಲ್ಲಿ ಮುಟ್ಟಿದ ಮೇಲೆ, ಉಳಿದವರು ಏಳುವ ಮೊದಲೇ ಅವಳನ್ನು ಕುಂಡಕ್ಕೆ ಕರೆದೊಯ್ಯುತ್ತೇನೆ, ಯಾರ ಕಣ್ಣಿಗೂ ಬೀಳದೆ ಮಿಂದು ಬಂದುಬಿಡಬಹುದು. ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಒಪ್ಪಿಕೊಂಡಳು ಎಂದೇ ನಾನು ತಿಳಿದೆ.

ಬೆಟ್ಟ ಹತ್ತಲು ಅಭ್ಯಾಸ ಬೇಕೆಂದು ಮ್ಯಾನೇಜರು ಸುತ್ತೋಲೆ ಹೊರಡಿಸಿದರು. ದಾವಣಗೆರೆ ಒಲೆಯ ಮೇಲಿಟ್ಟ ಹೆಂಚಿನ ಹಾಗೆ, ಸಮತಟ್ಟು, ಅಷ್ಟೇ ಕಾವು. ಹತ್ತಲು ಇಲ್ಲಿ ಏನಿದೆ? ಕೊನೆಗೆ ಹರಿಹರದ ಹೊಳೆಯ ಮೆಟ್ಟಿಲುಗಳೇ ಸರಿ ಎಂದಾಯಿತು. ಆರು ಭಾನುವಾರ ಬೆಳಿಗ್ಗೆ ಹರಿಹರಕ್ಕೆ ಹೋಗಿ, ತುಂಗಭದ್ರೆಯ ದಂಡೆಯ ಮೆಟ್ಟಿಲು ಇಳಿಯುವುದು, ಹತ್ತುವುದು, ಮತ್ತೆ ಇಳಿಯುವುದು. ಬೆನ್ನಿಗೆ ಚೀಲ, ಕೈಯಲ್ಲಿ ಕೋಲು. ಬಟ್ಟೆ ಒಗೆಯುತ್ತಿದ್ದ ಮುದುಕಿಯೊಬ್ಬಳು ಮೂರು ವಾರ ಸುಮ್ಮನೆ ನೋಡಿ, ನಾಲ್ಕನೆಯ ವಾರ ಇದು ಯಾವ ಹರಕೆ ಎಂದು ಕೇಳಿಯೇಬಿಟ್ಟಳು. ಹರಕೆಯಲ್ಲ, ಬಿಸಿನೀರಿನ ಸ್ನಾನಕ್ಕೆ ಹಿಮಾಲಯಕ್ಕೆ ಹೊರಟಿದ್ದೇವೆ ಎಂದು ಮ್ಯಾನೇಜರು ಗಂಭೀರವಾಗಿ ತಿಳಿಸಿದರು.

"ಅಷ್ಟು ದೂರ ಯಾಕ? ಮನ್ಯಾಗೆ ಒಲೆ ಇಲ್ಲೇನ್ರಿ?" ಎಂದಳು ಮುದುಕಿ.

ಆ ಇಡೀ ಪ್ರವಾಸದಲ್ಲಿ ಬುದ್ಧಿ ನೆಟ್ಟಗಿದ್ದವಳು ಆಕೆಯೊಬ್ಬಳೇ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ.

ಅಭ್ಯಾಸ ಮುಗಿದ ಮೇಲೆ ಎಲ್ಲರೂ ಹೊಳೆಗೆ ಇಳಿಯುತ್ತಿದ್ದರು. ಬೇಸಿಗೆಯಲ್ಲಿ ಹೊಳೆ ಸೊರಗಿ ಕೊನೆಯ ಮೆಟ್ಟಿಲಿನಿಂದ ಆಚೆ ಸರಿದಿತ್ತು, ಬಂಡೆಗಳ ನಡುವೆ ಸೊಂಟದವರೆಗೆ ನೀರು. ಮ್ಯಾನೇಜರ ಹೆಂಡತಿ ಸೀರೆಯಲ್ಲೇ ಮುಳುಗಿ ಮೂಗು ಹಿಡಿದು ಏಳುತ್ತಿದ್ದರು. ನನ್ನವಳು ಒಂದು ಬಂಡೆಯ ಮೇಲೆ ಕೂತು ಪಾದ ಮಾತ್ರ ನೀರಿಗೆ ಬಿಟ್ಟು, ಉಳಿದವರನ್ನು ನೋಡುತ್ತಿದ್ದಳು. ಯಾಕ್ರಿ ಇಳಿಯಲ್ಲ ಎಂದು ಯಾರಾದರೂ ಕೇಳಿದರೆ ನೆಗಡಿ ಎಂದು ನಾನೇ ಉತ್ತರ ಕೊಡುತ್ತಿದ್ದೆ. ಆರು ವಾರದ ನೆಗಡಿ. ಯಾರಿಗೂ ಅನುಮಾನ ಬರಲಿಲ್ಲ.

ಇನ್ನು ಸಾಮಾನು ಕಟ್ಟಿದ ಕಥೆ. ಬೆಟ್ಟದ ಮೇಲೆ ತಿನ್ನಲು ಏನು ಒಯ್ಯಬೇಕು ಎಂಬ ಪ್ರಶ್ನೆಗೆ ದಾವಣಗೆರೆಯವರು ಯೋಚಿಸಿ ಉತ್ತರ ಕೊಡುವುದಿಲ್ಲ. ಮಂಡಕ್ಕಿ. ಹುಟ್ಟಿದರೂ ಮಂಡಕ್ಕಿ, ಸತ್ತರೂ ಮಂಡಕ್ಕಿ, ಮಧ್ಯೆ ಸಾಯಂಕಾಲ ಮಿರ್ಚಿ ಜತೆಗೂ ಅದೇ. ತೂಕವೇ ಇಲ್ಲದ್ದು, ಹೊರಲು ಸಲೀಸು ಎಂದು ಎಲ್ಲರೂ ಒಪ್ಪಿದರು. ಭಟ್ಟಿಯಿಂದ ಬಿಸಿಬಿಸಿ ಮಂಡಕ್ಕಿ ತಂದೆವು. ತುಂಬಿಸುವುದು ಯಾವುದರಲ್ಲಿ ಎಂಬಲ್ಲಿ ಜಗಳ ಬಂತು. ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಬಿಗಿಯಾಗಿ ಕಟ್ಟೋಣ ಎಂದರು ಮ್ಯಾನೇಜರು. ನಾನು ಮಂಡಿಪೇಟೆಯಲ್ಲಿ ಹಗ್ಗ ಮತ್ತು ಗೋಣಿಚೀಲದ ಅಂಗಡಿ ಇಟ್ಟು ಮೂವತ್ತು ವರ್ಷವಾಯಿತು. ನನಗೇ ಚೀಲದ ವಿಷಯ ಹೇಳಿಕೊಡಲು ಬಂದರಲ್ಲ ಎಂದು ಸಿಟ್ಟು ಬಂತು. ಪ್ಲಾಸ್ಟಿಕ್ಕಿನಲ್ಲಿ ಮಂಡಕ್ಕಿ ಬೆವರುತ್ತದೆ, ಗೋಣಿಯಲ್ಲಿ ಉಸಿರಾಡುತ್ತದೆ ಎಂದು ಉಪನ್ಯಾಸ ಕೊಟ್ಟು, ಅಂಗಡಿಯ ಹೊಸ ಚೀಲ ಎರಡು ತಂದು ನಾನೇ ತುಂಬಿ ನಾನೇ ಹೊಲಿದೆ.

ಪ್ರಯಾಣದ ಬಗ್ಗೆ ಹೇಳುವುದಕ್ಕೇನಿಲ್ಲ, ರೈಲಿನಲ್ಲಿ ಎಲ್ಲರೂ ಗೊರಕೆ ಹೊಡೆದರು, ಬೆಟ್ಟದ ಬಸ್ಸಿನಲ್ಲಿ ಎಲ್ಲರೂ ವಾಂತಿ ಮಾಡಿದರು. ಕೊನೆಯ ಊರಿನಲ್ಲಿ ದಾರಿ ತೋರಿಸುವವನೊಬ್ಬ ಹೇಸರಗತ್ತೆಯೊಂದನ್ನು ಹಿಡಿದುಕೊಂಡು ನಮಗಾಗಿ ಕಾಯುತ್ತಿದ್ದ. ಹಿಂದಿ ಮಾತಿಗೆ ನಮ್ಮ ಗುಂಪಿನ ಎಂಟನೆಯವರಾದ ಗಾದಿ ಭಾಯಿಯೇ ಗತಿ. ನಮ್ಮೂರಿನ ಆನೆಕೊಂಡದವರು, ಮಂಡಿಪೇಟೆಯಲ್ಲಿ ನನ್ನ ಅಂಗಡಿಯ ಸಾಲಿನಲ್ಲೇ ಹತ್ತಿ ಗಾದಿ ಹೊಲಿಯುವ ಅಂಗಡಿ ಅವರದು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಜಾಸ್ತಿ ಮಾತು ಎರಡರಲ್ಲೂ ಇಲ್ಲ. ಮ್ಯಾನೇಜರಿಗೂ ಹಿಂದಿ ಬರುತ್ತದೆಂದು ಮ್ಯಾನೇಜರಿಗೆ ನಂಬಿಕೆಯಿತ್ತು. ಅವರು ಮಾತಾಡಿದಾಗಲೆಲ್ಲ ದಾರಿಯವನು ಗಾದಿ ಭಾಯಿಯ ಮುಖ ನೋಡುತ್ತಿದ್ದ.

ಅವನು ನಮ್ಮ ಗೋಣಿಚೀಲ ಎತ್ತುವಾಗ ಮೂಟೆಯ ಗಾತ್ರ ನೋಡಿ ಸೊಂಟ ಬಗ್ಗಿಸಿ, ಹಲ್ಲು ಕಚ್ಚಿ, ಪೂರಾ ಬಲ ಹಾಕಿದ. ಮೂಟೆ ಗಾಳಿಯ ಹಾಗೆ ಮೇಲೆ ಬಂದು ಅವನು ಹಿಂದಕ್ಕೆ ಬಿದ್ದ. ಒಳಗೇನಿದೆ ಎಂದು ಅವನು ಕೇಳಿದ್ದಕ್ಕೆ ಗಾದಿ ಭಾಯಿ ವಿವರಿಸಲು ನೋಡಿದರು, ಅವನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಕತ್ತೆಯ ಎರಡೂ ಕಡೆ ಎರಡು ಮೂಟೆ ಕಟ್ಟಿದ ಮೇಲೆ ಕತ್ತೆಯೇ ಕಾಣದಾಯಿತು. ದಾರಿಯ ತಿರುವಿನಲ್ಲೆಲ್ಲ ಮೂಟೆ ಬಂಡೆಗೆ ತಾಗಿ ಕತ್ತೆ ಪ್ರಪಾತದ ಕಡೆ ಓಲುತ್ತಿತ್ತು, ನಾವು ಹೋ ಎನ್ನುತ್ತಿದ್ದೆವು.

ದಾರಿ ಅಂತ ಅನ್ನುತ್ತಿದ್ದೇನೆ, ಮೊದಲ ದಿನ ಮಧ್ಯಾಹ್ನದ ಮೇಲೆ ಅಲ್ಲಿ ದಾರಿ ಎಂಬುದಿರಲಿಲ್ಲ. ದೇವದಾರು ಮರಗಳ ಬೇರು ಹಿಡಿದು ಹತ್ತಬೇಕು, ಬೆಟ್ಟ ಜರಿದ ಕಡೆ ಸಡಿಲ ಕಲ್ಲಿನ ಮೇಲೆ ಕೈಕಾಲು ಊರಿ ದಾಟಬೇಕು. ಒಂದು ಕಡೆ ಹಿಮ ಕರಗಿದ ನೀರು ಭೋರೆಂದು ಇಳಿಯುತ್ತಿತ್ತು, ಅದರ ಮೇಲೆ ಎರಡು ಮರದ ದಿಮ್ಮಿ ಜೋಡಿಸಿ ಸೇತುವೆ ಅಂದಿದ್ದರು. ಹರಿಹರದ ಮೆಟ್ಟಿಲು ಇದಕ್ಕೆಲ್ಲ ಏನು ಮಾಡೀತು? ಮ್ಯಾನೇಜರು ಹೊಸ ಬೂಟಿನಲ್ಲಿ ದಿಮ್ಮಿಯ ಮೇಲೆ ಕೂತು, ಕುದುರೆ ಸವಾರಿಯ ಹಾಗೆ ಎರಡೂ ಕಡೆ ಕಾಲು ಹಾಕಿ ಜಾರಿಕೊಂಡು ಹೋದರು. ಅವರ ಹೆಂಡತಿ ಮನೆದೇವರನ್ನೆಲ್ಲ ಕರೆದು ಅತ್ತರು. ಹೂಂ ಅನ್ನುವ ಮೂವರು ಒಬ್ಬರ ಚಡ್ಡಿ ಒಬ್ಬರು ಹಿಡಿದುಕೊಂಡು ದಾಟಿದರು. ನಾನು ನೋಡಿ ಮನಸಾರೆ ನಕ್ಕೆ. ನನ್ನ ಸರದಿ ಬಂದಾಗ ದಾರಿಯವನ ಕೈ ಹಿಡಿದು ದಾಟಿದೆ ಎಂಬುದನ್ನೂ ಹೇಳಿಬಿಡುತ್ತೇನೆ.

ನನ್ನ ಹೆಂಡತಿ ಸೀರೆಯನ್ನು ಕಚ್ಚೆಯ ಹಾಗೆ ಎತ್ತಿ ಕಟ್ಟಿ ನೇರವಾಗಿ ನಡೆದು ದಾಟಿದಳು. ಅಲ್ಲಿಂದ ಮುಂದೆಲ್ಲ ಅವಳೇ ದಾರಿಯವನ ಬೆನ್ನಿಗೆ. ನಾನು ಎಲ್ಲರಿಗಿಂತ ಹಿಂದೆ, ಹತ್ತು ಹೆಜ್ಜೆಗೊಮ್ಮೆ ನಿಂತು, ಎಲ್ಲರನ್ನೂ ಮನಸ್ಸಿನಲ್ಲೇ ಬೈಯುತ್ತ. ಮೇಲಿನ ತಿರುವಿನಲ್ಲಿ ಅವಳು ತಿರುಗಿ ನೋಡಿದಾಗ ನಿಧಾನ ಎಂದು ಕೈ ಮಾಡಿದೆ. ಅವಳು ಆಯಿತು ಎಂದು ತಲೆಯಾಡಿಸಿ ಮೊದಲಿನಷ್ಟೇ ಜೋರಾಗಿ ನಡೆದಳು.

ಮೊದಲ ರಾತ್ರಿ ಗುಡಾರದಲ್ಲಿ ಚಳಿಗೆ ಹಲ್ಲು ಕಟಕಟಿಸಿದ್ದು ಬಿಟ್ಟರೆ ಏನೂ ಆಗಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಮಳೆ ಹಿಡಿಯಿತು. ಸಾದಾ ಮಳೆಯೂ ಅಲ್ಲ, ಆಲಿಕಲ್ಲು ಬೆರೆತದ್ದು. ಒಂದು ಗಂಟೆ ಬಂಡೆಯ ಸಂದಿಯಲ್ಲಿ ಕೂತೆವು. ಕತ್ತೆ ಬಯಲಲ್ಲಿ ನಿಂತಿತ್ತು, ಅದರ ಮೇಲೆ ನನ್ನ ಗೋಣಿಚೀಲಗಳು ಚೆನ್ನಾಗಿ ಉಸಿರಾಡುತ್ತಿದ್ದವು.

ಸಂಜೆ ಕುರಿಗಾಹಿಗಳ ಕಲ್ಲಿನ ಗುಡಿಸಲು ಮುಟ್ಟಿದಾಗ ಮೂಟೆ ಇಳಿಸಲು ಇಬ್ಬರು ಬೇಕಾದರು. ಹೊಲಿಗೆ ಬಿಚ್ಚಿದರೆ ಒಳಗೆ ಮಂಡಕ್ಕಿ ಎಂಬುದು ಉಳಿದಿರಲಿಲ್ಲ, ಬಿಳಿ ಮುದ್ದೆ. ಬಂತು ನೋಡಿ ಮ್ಯಾನೇಜರಿಗೆ ಸುಯೋಗ. ಪ್ಲಾಸ್ಟಿಕ್ ಎಂದು ತಾವು ಎಷ್ಟು ಸಲ ಹೇಳಿದ್ದರೆಂಬುದನ್ನು ದಿನಾಂಕ ಸಮೇತ ನೆನಪಿಸಿದರು. ಮೂವರು ಹೂಂ ಅಂದರು. ಹೊಟ್ಟೆ ಹಸಿದ ಎಂಟು ಮಂದಿಯಲ್ಲಿ ಏಳು ಮಂದಿ ನನ್ನನ್ನೇ ತಿಂದುಬಿಡುವ ಹಾಗೆ ನೋಡಿದರು. ದಾರಿಯವನು ಅದನ್ನು ಕತ್ತೆಗೆ ಹಾಕಲೇ ಎಂದು ಕೇಳಿದ.

ನನ್ನ ಹೆಂಡತಿ ಚೀಲದ ಮುಂದೆ ಬಂದು ಕೂತಳು. ನೆನೆದರೆ ಏನಾಯಿತು, ಊರಿನಲ್ಲಿ ಒಗ್ಗರಣೆ ಮಂಡಕ್ಕಿಗೆ ನಾವು ನೆನೆಸಿಯೇ ಅಲ್ಲವೇ ಮಾಡುವುದು ಎಂದಳು. ನಿಜ. ಮಂಡಕ್ಕಿ ತಿಂದೇ ಬೆಳೆದ ದಾವಣಗೆರೆಯ ಏಳು ತಲೆಗಳು ಆ ಮೂಟೆಯ ಸುತ್ತ ನಿಂತಿದ್ದವು, ಒಂದು ತಲೆಗೂ ಇದು ಹೊಳೆದಿರಲಿಲ್ಲ. ದಾರಿಯವನಿಂದ ಬಾಣಲೆ, ಎಣ್ಣೆ, ಈರುಳ್ಳಿ, ಹಸಿಮೆಣಸಿನಕಾಯಿ ಕೇಳಿ ತರಿಸಿದಳು. ಮ್ಯಾನೇಜರ ಹೆಂಡತಿಯ ಗಂಟಿನಲ್ಲಿ ಹುರಿಗಡಲೆ ಹಿಟ್ಟು ಇತ್ತು. ನನ್ನವಳು ರವಿಕೆಯ ತೋಳನ್ನು ಮೊಣಕೈಯ ಮೇಲಕ್ಕೆ ಮಡಚಿ, ಮಂಡಕ್ಕಿಯನ್ನು ಮುಷ್ಟಿ ಮುಷ್ಟಿಯಾಗಿ ಹಿಂಡಿ ಹಿಂಡಿ ಪಾತ್ರೆಗೆ ಹಾಕತೊಡಗಿದಳು.

ತೋಳು ಮಡಚಿದ್ದು ನನ್ನ ಕಣ್ಣಿಗೆ ಬಿತ್ತು. ಗುಡಿಸಲಿನಲ್ಲಿ ಮಬ್ಬು ಬೆಳಕು, ಒಲೆಯ ಉರಿ ಒಂದು ಕಡೆ. ನಾನು ಥಟ್ಟನೆ ಎದ್ದು ಅವಳಿಗೂ ಉಳಿದವರಿಗೂ ನಡುವೆ ನಿಂತೆ. ಒಲೆ ಊದುವ ನೆವ, ಸೌದೆ ಸರಿಸುವ ನೆವ ಮಾಡುತ್ತ ಅವಳು ಹಿಂಡಿ ಮುಗಿಸುವವರೆಗೂ ಅಡ್ಡ ನಿಂತೇ ಇದ್ದೆ. ಯಾರೂ ಏನನ್ನೂ ನೋಡಲಿಲ್ಲ. ನನ್ನ ಚುರುಕುತನಕ್ಕೆ ನಾನೇ ಭೇಷ್ ಅಂದುಕೊಂಡೆ. ಪಕ್ಕಕ್ಕೆ ಸರಿಯಿರಿ, ಬೆಳಕು ಕಾಣಲ್ಲ ಎಂದು ಅವಳು ಎರಡು ಸಲ ಹೇಳಿದಳು, ನಾನು ಸರಿಯಲಿಲ್ಲ.

ಎಲ್ಲರೂ ಎರಡೆರಡು ತಟ್ಟೆ ತಿಂದರು. ಮ್ಯಾನೇಜರು ಮೂರು. ಕೈಗುಣ ಅಂದರೆ ಅಮ್ಮಾರದ್ದು ಎಂದು ಬೆರಳು ನೆಕ್ಕುತ್ತ ಹೊಗಳಿದರು. ಅವಳು ತಲೆ ತಗ್ಗಿಸಿ ನಕ್ಕಳು. ಎಲ್ಲರಿಗಿಂತ ಮೊದಲೇ ಎದ್ದು ಹೋಗುವ ನನ್ನ ಉಪಾಯಕ್ಕೆ ಮಾತ್ರ ಕಲ್ಲು ಬಿತ್ತು. ಕುಂಡ ಇನ್ನೂ ಅರ್ಧ ಗಂಟೆ ಮೇಲಿದೆ, ಆ ಕಡೆ ಕರಡಿ ಓಡಾಡುತ್ತದೆ, ಬೆಳಕು ಹರಿದ ಮೇಲೆ ಎಲ್ಲರೂ ಒಟ್ಟಿಗೆ ಹೋಗಬೇಕು ಎಂದು ದಾರಿಯವನು ಕಟ್ಟುನಿಟ್ಟಾಗಿ ಹೇಳಿದ. ನಾನು ಅವಳ ಹತ್ತಿರ ಹೋಗಿ, ಏನಾದರೂ ದಾರಿ ಹುಡುಕೋಣ, ಉಳಿದವರು ಮಿಂದು ಹಿಂದಿರುಗಿದ ಮೇಲೆ ನಾವಿಬ್ಬರೇ ಉಳಿಯೋಣ ಎಂದೆ. ಅವಳು ಪಾತ್ರೆ ಉಜ್ಜುವುದನ್ನು ಮುಂದುವರಿಸಿದಳು.

ಕುಂಡ ಚೆನ್ನಾಗಿತ್ತು. ಒಪ್ಪಿಕೊಳ್ಳಲು ಹೊಟ್ಟೆ ಉರಿಯುತ್ತದೆ, ಆದರೆ ಚೆನ್ನಾಗಿತ್ತು. ಸುತ್ತಲೂ ಹಿಮದ ಬೆಟ್ಟ, ನಡುವೆ ಕಲ್ಲು ಜೋಡಿಸಿ ಕಟ್ಟಿದ ನಮ್ಮನೆ ಅಂಗಳದಷ್ಟು ದೊಡ್ಡ ಹೊಂಡ, ಅದರಿಂದ ಹಬೆ ಏಳುತ್ತಿತ್ತು. ನೀರಿಗೆ ಕೊಳೆತ ಮೊಟ್ಟೆಯ ವಾಸನೆ. ಇರುವುದು ಒಂದೇ ಕುಂಡ, ಬೇರೆ ಜನ ಯಾರೂ ಇರಲಿಲ್ಲ. ಗಂಡಸರು ಚಡ್ಡಿಯಲ್ಲಿ, ಮ್ಯಾನೇಜರ ಹೆಂಡತಿ ಸೀರೆಯಲ್ಲಿ ಇಳಿದು ಆಹಾ ಓಹೋ ಎನ್ನತೊಡಗಿದರು. ಮ್ಯಾನೇಜರು ಗಡಿಯಾರದ ಕೈಯನ್ನು ನೀರಿನಿಂದ ಮೇಲೆ ಎತ್ತಿ ಹಿಡಿದು ಕೂತರು. ಗಾದಿ ಭಾಯಿ ಮೂಲೆಯಲ್ಲಿ ಕತ್ತಿನವರೆಗೆ ಮುಳುಗಿ ಕಣ್ಣು ಮುಚ್ಚಿದರು. ನಾನಿನ್ನೂ ದಂಡೆಯ ಮೇಲೇ ಇದ್ದೆ, ಹೆಂಡತಿ ಬಂಡೆಯ ಹಿಂದೆ ಹೋಗಿದ್ದನ್ನು ನೋಡಿ, ಉಳಿದವರದು ಮುಗಿಯಲೆಂದು ಕಾಯುತ್ತಿದ್ದಾಳೆ ಎಂದುಕೊಂಡೆ.

ಅವಳು ಬಂಡೆಯ ಹಿಂದಿನಿಂದ ಬಂದಾಗ ಮೈಮೇಲೆ ಹಳೆಯ ಹತ್ತಿ ಸೀರೆ, ಅದಕ್ಕೆ ಗಿಡ್ಡ ತೋಳಿನ ರವಿಕೆ. ಹೊಸದು. ಯಾವಾಗ ಹೊಲಿಸಿದಳೋ ನನಗೆ ಗೊತ್ತಿಲ್ಲ. ಎರಡೂ ತೋಳು ಭುಜದ ಕೆಳಗಿನಿಂದ ಬಯಲು, ಬೆಳಗಿನ ಬಿಸಿಲಿನಲ್ಲಿ ಕೆಂಪು ಪಟ್ಟೆಗಳು ಒಂದೊಂದೂ ಎಣಿಸುವಷ್ಟು ಸ್ಪಷ್ಟ. ಹನ್ನೊಂದು ವರ್ಷದಿಂದ ಹಗಲಿನಲ್ಲಿ ನಾನೂ ಅವನ್ನು ಹಾಗೆ ನೋಡಿರಲಿಲ್ಲ. ಅವಳು ನೇರವಾಗಿ ಕುಂಡದ ಅಂಚಿಗೆ ಬಂದಳು.

ಮೊದಲು ನೋಡಿದವರು ಮ್ಯಾನೇಜರ ಹೆಂಡತಿ. ಗಂಡನ ಕಿವಿಯ ಹತ್ತಿರ ಬಾಗಿ ಏನೋ ಅಂದರು. ಮ್ಯಾನೇಜರು ಒಮ್ಮೆ ತೋಳು ನೋಡಿ, ಒಮ್ಮೆ ನೀರು ನೋಡಿ, ಗಂಟಲು ಸರಿ ಮಾಡಿಕೊಂಡರು. ಮಾತಾಡಿದ್ದು ಅವಳ ಜತೆಯಲ್ಲ, ನನ್ನ ಜತೆ. ಸಾಲ ಕೊಡುವುದಿಲ್ಲ ಎಂದು ಹೇಳುವ ಬ್ಯಾಂಕಿನ ಮರ್ಯಾದೆ ಆ ದನಿಯಲ್ಲಿತ್ತು.

"ಸರ್, ತಪ್ಪು ತಿಳ್ಕಾಬ್ಯಾಡ್ರಿ. ನಮ್ಮದೊಂದು ಮುಗೀಲಿ. ಆಮೇಲೆ ಅಮ್ಮಾರು ಎಷ್ಟೊತ್ತು ಬೇಕಾದ್ರೂ ಕೂಡ್ಲಿ."

ನಿನ್ನೆ ಸಂಜೆ ಆ ಕೈ ಹಿಂಡಿದ್ದನ್ನು ಮೂರು ತಟ್ಟೆ ತಿಂದವನು ಈ ಮನುಷ್ಯ. ಅವನಿಗೆ ಹೇಳಲು ತಿಂಗಳುಗಟ್ಟಲೆ ಮಾತು ಕೂಡಿಟ್ಟಿದ್ದೆ. ಹೊಟ್ಟೆ ತುಂಬ ಇದ್ದವು, ಒಂದಕ್ಕಿಂತ ಒಂದು ಖಾರವಾದವು. ಹರಿಹರದ ಮೆಟ್ಟಿಲ ಮೇಲೆ, ದಿಮ್ಮಿಯ ಸೇತುವೆಯ ಮೇಲೆ, ಉಸಿರು ಕಟ್ಟಿದಾಗಲೂ ಅವನ್ನೇ ಮಸೆಯುತ್ತ ಬಂದಿದ್ದೆ. ಈಗ ಹೇಳಬೇಕಾದ ಗಳಿಗೆ ಬಂದಾಗ ಒಂದೂ ನಾಲಗೆಗೆ ಬರಲಿಲ್ಲ. ನಾನು ಮಾಡಿದ್ದೇನು ಗೊತ್ತೇ? ಬಂಡೆಯ ಮೇಲಿದ್ದ ಶಾಲು ತಂದು ಅವಳ ತೋಳಿನ ಮೇಲೆ ಹೊದಿಸಿದೆ. ಹತ್ತು ನಿಮಿಷ ಅಷ್ಟೇ, ಅವರದು ಮುಗಿಯಲಿ ಎಂದೆ. ಮೆಲ್ಲಗೆ ಹೇಳಿದೆ, ಪ್ರೀತಿಯಿಂದಲೇ ಹೇಳಿದೆ.

ಅವಳು ಶಾಲು ತೆಗೆದಳು. ಮಡಚಿದಳು. ನನ್ನ ಕೈಗೆ ಕೊಟ್ಟಳು.

"ನಾನು ವಾಸಿ ಮಾಡ್ಕಳಾಕೆ ಬಂದಿಲ್ರಿ," ಎಂದಳು. "ನಾಕು ಜನದ ಜತಿಗೆ ನೀರಿಗೆ ಇಳೀಬೇಕು ಅಂತ ಬಂದೀನಿ. ಇದು ಅಂಟೋದಲ್ಲ ಅಂತ ಡಾಕ್ಟ್ರು ಅವತ್ತೇ ಹೇಳಿದ್ರು. ನಿಮ್ಮ ಎದುರಿಗೇ ಹೇಳಿದ್ರು. ಹನ್ನೊಂದು ವರ್ಷದಾಗೆ ನೀವು ಒಬ್ಬರಿಗಾದ್ರೂ ಅದನ್ನ ಹೇಳೀರೇನು?"

ಹೇಳಿದ್ದರು. ಆ ದಿನ ಡಾಕ್ಟರು ಮೂಗಿನ ಮೇಲೆ ಕನ್ನಡಕ ಸರಿಸಿ, ಮುಟ್ಟಿದರೆ ಬರುವುದಿಲ್ಲ, ಒಂದೇ ಪಾತ್ರೆಯಲ್ಲಿ ತಿಂದರೂ ಬರುವುದಿಲ್ಲ, ಹೆದರಬೇಡಿ ಎಂದು ನನಗೇ ಹೇಳಿದ್ದರು. ಗೃಹಪ್ರವೇಶದ ಆ ಹೆಂಗಸಿಗೆ ಅದನ್ನು ಹೇಳಬಹುದಿತ್ತು. ಹರಿಹರದಲ್ಲಿ ನೆಗಡಿ ಎನ್ನುವ ಬದಲು ಹೇಳಬಹುದಿತ್ತು. ಇಷ್ಟು ಹೊತ್ತು ಈ ಕಥೆ ಹೇಳುತ್ತ ಬಂದವನು ನಿಮಗೂ ಹೇಳಲಿಲ್ಲ ನೋಡಿ. ಹೇಳಿದರೆ ಕಾಯಿಲೆ ಇದೆ ಎಂದು ಒಪ್ಪಿಕೊಂಡಂತಾಗುತ್ತದೆ, ನಾಲ್ಕು ಜನ ನನ್ನ ಮನೆಯ ವಿಷಯ ಮಾತಾಡುತ್ತಾರೆ. ನಾನು ಬೇರೆಯವರನ್ನು ಆಡಿಕೊಂಡು ನಗುವ ಮನುಷ್ಯ, ನನ್ನನ್ನು ಯಾರೂ ಆಡಿಕೊಳ್ಳಬಾರದು. ರವಿಕೆ ಹೊಲಿಸಿದ್ದು ಅವಳಿಗಾಗಿ ಎಂದು ಇಷ್ಟು ದಿನ ನಂಬಿದ್ದೆ.

ಅವಳು ನೀರಿಗೆ ಇಳಿದಳು. ಮ್ಯಾನೇಜರ ಹೆಂಡತಿ ದಡಬಡಿಸಿ ಎದ್ದು ಮೇಲಿನ ಕಲ್ಲು ಹತ್ತಿದರು. ಮೂವರು ಆ ತುದಿಗೆ ಸರಿದರು. ಗಾದಿ ಭಾಯಿ ಕಣ್ಣು ತೆರೆದು, "ಬಾಳ ಸುಡ್ತೈತಿ, ನಿಧಾನಕ್ಕೆ ಕೂಡ್ರಿ," ಎಂದು ಮತ್ತೆ ಕಣ್ಣು ಮುಚ್ಚಿದರು. ಅವಳು ಅವರಿಂದ ಒಂದು ಮಾರು ದೂರದಲ್ಲಿ ಕೂತಳು. ಕುಂಡದ ಮಧ್ಯೆ ಖಾಲಿ ನೀರು. ಅವಳು ಯಾರನ್ನೂ ನೋಡಲಿಲ್ಲ.

ನಾನು ಆಗ ಬಾಯಿ ಬಿಟ್ಟೆ. ಮಾತು ಎಷ್ಟು ಸಣ್ಣಗೆ ಬಂತೆಂದರೆ ಮ್ಯಾನೇಜರು ಏನು ಸರ್ ಎಂದು ಕೇಳಿದರು. ಎರಡನೆಯ ಸಲ ಜೋರಾಗಿ ಹೇಳಬೇಕಾಯಿತು.

"ಅದು ಅಂಟಲ್ಲ ಸರ್. ಸೋರಿಯಾಸಿಸ್. ಮುಟ್ಟಿದ್ರೂ ಬರಲ್ಲ, ನೀರಿಂದಾನೂ ಬರಲ್ಲ. ಡಾಕ್ಟ್ರು ಹೇಳ್ಯಾರೆ."

ಇನ್ನು ಇವನು ವಾದ ಶುರು ಮಾಡುತ್ತಾನೆ, ಫೋನು ತೆಗೆದು ಓದುತ್ತಾನೆ, ಆಗ ನನ್ನ ಮಾತುಗಳೆಲ್ಲ ಹೊರಗೆ ಬರುತ್ತವೆ ಎಂದು ಕಾದೆ. ಬರಲಿ ಎಂದೇ ಬಯಸಿದೆ. ಮ್ಯಾನೇಜರು ನನ್ನ ಮುಖ ನೋಡಿದರು. ಅವರ ಮುಖದಲ್ಲಿ ಅಣಕವಿರಲಿಲ್ಲ, ಸಿಟ್ಟೂ ಇರಲಿಲ್ಲ. ಸ್ವಲ್ಪ ನಾಚಿಕೆಯಿತ್ತು.

"ಅಷ್ಟೇ ಏನ್ರಿ?" ಎಂದರು. "ಇದನ್ನ ಊರಾಗೇ ಹೇಳಬಾರ್ದಾ ಸರ್? ನಮಗೆ ಹೆಂಗೆ ಗೊತ್ತಾಗ್ಬೇಕು?"

ಹೆಂಡತಿಯ ಕಡೆ ತಿರುಗಿ, ಬಾ, ಕೂತ್ಕೋ, ಏನಿಲ್ಲವಂತೆ ಎಂದು ಕರೆದರು. ಆಕೆ ಅರೆಮನಸ್ಸಿನಿಂದ ಇಳಿದು ಕೈಯಳತೆ ದೂರ ಕೂತರು. ಮೂವರು ಹೂಂ ಅಂದು ಇತ್ತ ಸರಿದರು. ಸ್ವಲ್ಪ ಹೊತ್ತಿಗೆ ಮ್ಯಾನೇಜರ ಹೆಂಡತಿ ಅದು ಉರಿಯುತ್ತದೆಯೇ ಎಂದು ಕೇಳಿದರು. ಚಳಿಗಾಲದಲ್ಲಿ ಜಾಸ್ತಿ, ಈಗೇನಿಲ್ಲ ಎಂದಳು ಅವಳು. ನಿನ್ನೆಯ ಮಂಡಕ್ಕಿಗೆ ನಿಂಬೆಹಣ್ಣು ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಎಂದು ಯಾರೋ ಅಂದರು. ಅವಳು ನಕ್ಕಳು. ತೋಳುಗಳನ್ನು ನೀರಿನ ಮೇಲೆ ಚಾಚಿ ತೇಲಲು ಬಿಟ್ಟಿದ್ದಳು.

ಹನ್ನೊಂದು ವರ್ಷ. ಒಂದು ನಿಮಿಷದ ಮಾತು.

ನಾನು ಶಾಲು ಹಿಡಿದು ದಂಡೆಯ ಮೇಲೆ ನಿಂತಿದ್ದೆ. ನೀರು ಬಲು ಹಿತವಾಗಿದೆ, ಬರ್ರಿ ಎಂದು ಗಾದಿ ಭಾಯಿ ಕರೆದರು. ಮೂವರೂ ಕರೆದರು. ಮ್ಯಾನೇಜರು ತಮ್ಮ ಪಕ್ಕದಲ್ಲಿ ಜಾಗ ಮಾಡಿ, ಇಳೀರಿ ಸರ್ ಎಂದು ಎರಡೆರಡು ಸಲ ಕರೆದರು. ಅವಳೊಬ್ಬಳು ಕರೆಯಲಿಲ್ಲ.